ಬೈರಾಸು ಹಾರಿದ ಭಾನುವಾರ

ಈ ಸಲದ ಹೆವಿವೈಟ್ ಪಟ್ಟವನ್ನು ಬಂಟ್ವಾಳಕ್ಕೆ ತಂದೇ ತರುತ್ತೇನೆ ಎಂದು ನನ್ನ ಹೋಟೆಲಿನ ಗಿರಾಕಿಗಳೆದುರು ಘೋಷಿಸಿಬಿಟ್ಟೆ! ಹೊಡೆಯಬೇಕಾದವಳೂ ಹೊಡೆಸಿಕೊಳ್ಳಬೇಕಾದವಳೂ ನನ್ನ ಹೆಂಡತಿ ಕಾಂತಿ. ಆದರೆ ತರುವವನು ಮಾತ್ರ ನಾನು. ಗಂಡಂದಿರ ವ್ಯಾಕರಣವೇ ಹಾಗೆ.

ಕಾಂತಿ ಕಾಲೇಜಿನಲ್ಲಿ ಬಾಕ್ಸಿಂಗ್ ಆಡುತ್ತಿದ್ದಳು. ಹತ್ತೊಂಬತ್ತು ವರ್ಷಗಳ ಹಿಂದೆ ಅಂತರ ಕಾಲೇಜು ಹೆವಿವೈಟ್ ಫೈನಲಿನಲ್ಲಿ ಬೆಳ್ತಂಗಡಿಯ ಶಂಕರಿಯೆದುರು ಒಂದೇ ಒಂದು ಅಂಕದಿಂದ ಸೋತಿದ್ದಳು. ಮದುವೆಗೆ ಮುಂಚೆ ಈ ಸಂಗತಿಯನ್ನು ಯಾರೂ ನನಗೆ ಹೇಳಿರಲಿಲ್ಲ. ಹೇಳಿದ್ದರೆ ಸಂಸಾರದ ಎಷ್ಟೋ ಜಗಳಗಳನ್ನು ನಾನು ಆರಂಭಿಸುತ್ತಲೇ ಇರಲಿಲ್ಲ!

ಈಗ ಮಿಜಾರಿನ ಹತ್ತಿರ ಹಳೆಯ ಆಟಗಾರ್ತಿಯರಿಗಾಗಿ ಚಾಂಪಿಯನ್‌ಶಿಪ್ ಇಟ್ಟಿದ್ದರು. ಹೆವಿವೈಟ್ ಪಟ್ಟಕ್ಕೆ ಮತ್ತೆ ಅದೇ ಜೋಡಿ, ಕಾಂತಿ ಮತ್ತು ಶಂಕರಿ.

"ಒಂದು ಅಂಕ ಮಾರಾಯ್ರೆ! ಇಷ್ಟು ವರ್ಷದಿಂದ ಇಲ್ಲಿ ಚುಚ್ಚುತ್ತಾ ಉಂಟು," ಎಂದು ಕಾಂತಿ ಎದೆ ಮುಟ್ಟಿ ತೋರಿಸಿದಳು.

"ಹೆದರಬೇಡ. ನಿನ್ನ ಜೊತೆ ನಾನಿದ್ದೇನೆ."

"ಹೆದರಿಕೆ ಅದೇ."

ಮೊದಲ ತೊಡಕು ತೂಕದ್ದು. ಹೆವಿವೈಟಿಗೆ ಎಂಬತ್ತೊಂದು ಕಿಲೋ ದಾಟಬೇಕು, ಕಾಂತಿ ಎಪ್ಪತ್ತೊಂಬತ್ತರಲ್ಲಿ ನಿಂತಿದ್ದಳು. ಹೋಟೆಲಿನವನ ಹೆಂಡತಿಗೆ ತೂಕ ಕಡಿಮೆಯೆಂದರೆ ಕುಲಕ್ಕೇ ಅವಮಾನ! ಬೆಳಿಗ್ಗೆ ಬನ್ಸ್, ಮಧ್ಯಾಹ್ನ ಕೋರಿರೊಟ್ಟಿ, ಸಂಜೆ ಮತ್ತೆ ಬನ್ಸ್. ಒಬ್ಬಳೇ ತಿನ್ನಲು ಬೇಜಾರಾಗಬಾರದೆಂದು ನಾನೂ ಜೊತೆಗೆ ಕುಳಿತೆ. ತಿಂಗಳ ಕೊನೆಗೆ ಅವಳು ಮೂರು ಕಿಲೋ ಏರಿದಳು, ನಾನು ಆರು!

ತರಬೇತಿಗೂ ನಾನೇ ನಿಂತೆ. ಎದೆಗೆ ಎರಡು ದಿಂಬು ಕಟ್ಟಿಕೊಂಡು, "ಹೊಡಿ, ಸಂಕೋಚ ಬೇಡ," ಎಂದೆ. ಅವಳು ಸಂಕೋಚ ಪಡಲಿಲ್ಲ. ದಿಂಬುಗಳೂ ನಾನೂ ಬಚ್ಚಲುಮನೆಯ ಬಾಗಿಲಿನಲ್ಲಿ ಸಿಕ್ಕಿದೆವು. ಅಂದಿನಿಂದ ನಾನು ಸಿದ್ಧಾಂತ ವಿಭಾಗಕ್ಕೆ ಬಡ್ತಿ ಪಡೆದು ನಿಯಮ ಪುಸ್ತಕ ಹಿಡಿದೆ. ಅರ್ಧ ಓದುವಷ್ಟರಲ್ಲಿ ನಿದ್ದೆ ಬಂತು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಪಂದ್ಯ. ಕಾಂತಿಯದು ನೀಲಿ ಮೂಲೆ. ಅಲ್ಲಿ ಬಕೆಟ್, ನೀರು, ಹೆಗಲ ಮೇಲೆ ಬೆವರೊರೆಸಲೊಂದು ಕೆಂಪು ಬೈರಾಸು ಸಮೇತ ನಾನು ಸಹಾಯಕನಾಗಿ ವಿರಾಜಮಾನನಾದೆ. ಕೈಗೆ ಪಟ್ಟಿ ಸುತ್ತಿಸಿಕೊಳ್ಳುತ್ತಾ ಕಾಂತಿ ಮೆಲ್ಲಗೆ ಹೇಳಿದಳು:

"ಇವತ್ತೊಂದು ದಿನ ಸುಮ್ಮನೆ ನಿಂತುಕೊಳ್ಳಿ. ಅಷ್ಟು ಮಾಡಿದರೆ ಸಾಕು."

ಸರಿಯಾಗಿಯೇ ಇದ್ದ ಪಟ್ಟಿಯನ್ನು ಬಿಚ್ಚಿಸಿ ಮತ್ತೆ ಸುತ್ತಿಸಿಕೊಂಡಳು. ಎರಡು ಮಕ್ಕಳ ಹೆರಿಗೆಗೆ ನಗುತ್ತಾ ಹೋದವಳು ಹೀಗೆ ಅಳುಕಿದ್ದನ್ನು ನಾನು ಆವತ್ತೇ ನೋಡಿದ್ದು. ಈ ಪಂದ್ಯ ಅವಳಿಗೆ ತಮಾಷೆಯಲ್ಲ ಎಂದು ನನಗೆ ಆಗ ಹೊಳೆಯಿತು.

ಮೊದಲ ಸುತ್ತು ಶಂಕರಿಯದು. ಶಾಲೆಯಲ್ಲಿ ಗಣಿತ ಕಲಿಸುವ ಟೀಚರ್ ಆಕೆ, ಗುದ್ದುಗಳನ್ನೂ ಅಳೆದು ತೂಗಿಯೇ ಕೊಡುತ್ತಿದ್ದಳು. ಎರಡನೆಯ ಸುತ್ತು ಕಾಂತಿಯದು. ಮೂರನೆಯ, ಅಂದರೆ ಕೊನೆಯ ಸುತ್ತಿನಲ್ಲಿ ಕಾಂತಿಯ ಎಡಗೈ ಬೀಸಿತು, ಬಲಗೈ ಹಿಂಬಾಲಿಸಿತು, ಶಂಕರಿ ಹಗ್ಗಕ್ಕೆ ಒರಗಿದಳು! ಉಳಿದದ್ದು ಇಪ್ಪತ್ತು ಸೆಕೆಂಡು. ಹತ್ತೊಂಬತ್ತು ವರ್ಷದ ಮುಳ್ಳು ಕಿತ್ತು ಬರುವ ಹೊತ್ತು!

ನನ್ನೊಳಗಿನ ಕಂಬಳದ ಪ್ರೇಕ್ಷಕ ಎಚ್ಚರವಾದ. ಕೋಣ ಗೆದ್ದಾಗ ಬೀಸುವ ಹಾಗೆ ಬೈರಾಸು ತೆಗೆದು ತಲೆಯ ಮೇಲೆ ಗಿರ್ರನೆ ತಿರುಗಿಸಿದೆ. ಮೂರನೆಯ ಸುತ್ತಿನಲ್ಲಿ ನನ್ನದೂ ಒಂದು ಸುತ್ತು! ಕೈ ಬೆವರಿತ್ತು. ಬೈರಾಸು ಜಾರಿತು. ಹಾರಿತು. ರಿಂಗಿನ ನಟ್ಟನಡುವೆ ಹೋಗಿ ಮಲಗಿತು.

ರೆಫರಿ ಗುರುವಪ್ಪ ಮಾಸ್ಟ್ರು ಇಬ್ಬರ ನಡುವೆ ನುಗ್ಗಿ ಕೈ ಎತ್ತಿದರು.

"ಪಂದ್ಯ ಮುಗಿಯಿತು! ನೀಲಿ ಮೂಲೆ ಶರಣಾಗಿದೆ!"

"ಯಾರು ಶರಣಾದದ್ದು?" ಎಂದು ಕಾಂತಿ ಗರ್ಜಿಸಿದಳು.

"ನಿಮ್ಮ ಯಜಮಾನರು. ಮೂಲೆಯವರು ಬಟ್ಟೆ ಎಸೆದರೆ ಸೋಲು ಒಪ್ಪಿಕೊಂಡ ಹಾಗೆ. ನಿಯಮ ಓದಲಿಲ್ವಾ ಮಾರಾಯ್ರೆ?"

"ಅರ್ಧ ಓದಿದ್ದೇನೆ..." ಎಂದೆ.

ಇನ್ನೂ ವಿಚಿತ್ರವೆಂದರೆ ಗೆದ್ದ ಶಂಕರಿಗೂ ನನ್ನ ಮೇಲೆಯೇ ಸಿಟ್ಟು!

"ಎಂತ ಕಮಲಾಕ್ಷಣ್ಣ, ನಾನು ಬೈರಾಸಿನಿಂದ ಗೆಲ್ಲಲಿಕ್ಕೆ ಬಂದದ್ದಾ?"

ಎರಡು ಹೆವಿವೈಟ್‌ಗಳು ಒಟ್ಟಿಗೆ ನನ್ನತ್ತ ತಿರುಗಿದವು. ಕ್ಷಮೆ ಕೇಳಲೆಂದು ಹಗ್ಗಗಳ ನಡುವೆ ತಲೆ ತೂರಿಸಿದೆ. ತಲೆ ಹೋಯಿತು, ಹೊಟ್ಟೆ ಹೋಗಲಿಲ್ಲ! ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಸಭಾಂಗಣದಲ್ಲಿ ಯಾರೋ ಪುಣ್ಯಾತ್ಮರು ಜೋರಾಗಿ ಒಂದು, ಎರಡು, ಮೂರು ಎಂದು ಎಣಿಸತೊಡಗಿದರು. ಹತ್ತು ಮುಗಿಯುವಾಗಲೂ ನಾನು ಅಲ್ಲೇ ಇದ್ದೆ. ಕೊನೆಗೆ ಆ ಇಬ್ಬರೇ ಒಂದೊಂದು ತೋಳು ಹಿಡಿದು ನನ್ನನ್ನು ಎಳೆದು ತೆಗೆದರು. ಎಳೆಯುವಾಗ ಕಾಂತಿಗೆ ಮೊದಲು ನಗು ಬಂತು, ಶಂಕರಿಗೆ ಆಮೇಲೆ.

ಅರ್ಧ ಗಂಟೆಯ ಬಳಿಕ ಕ್ಯಾಂಟೀನಿನಲ್ಲಿ ಇಬ್ಬರೂ ಒಂದೇ ತಟ್ಟೆಯಿಂದ ಗೋಳಿಬಜೆ ತಿನ್ನುತ್ತಿದ್ದರು. ನಾನು ಬಕೆಟ್ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಕೂರಲು ಯಾರೂ ಹೇಳಿರಲಿಲ್ಲ.

"ಇದು ನನಗೆ ಗೆದ್ದ ಹಾಗೆ ಆಗಲೇ ಇಲ್ಲ," ಎಂದಳು ಶಂಕರಿ. "ಬರುವ ವರ್ಷ ಇನ್ನೊಮ್ಮೆ ಆಡುವ."

"ಆಡುವ," ಎಂದಳು ಕಾಂತಿ. "ಆದರೆ ಒಂದು ಶರತ್ತು. ಇವರು ನಿನ್ನ ಮೂಲೆಯಲ್ಲಿ ನಿಲ್ಲಬೇಕು."

ಶಂಕರಿ ಗೋಳಿಬಜೆ ಕೆಳಗಿಟ್ಟು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಗೆದ್ದ ಕಪ್ಪನ್ನು ಮೆಲ್ಲಗೆ ಕಾಂತಿಯ ಕಡೆ ದೂಡಿದಳು.

"ಬೇಡ ಮಾರಾಯ್ತಿ, ಬೇಕಾದರೆ ಇದನ್ನು ಈಗಲೇ ತೆಗೆದುಕೊಂಡು ಹೋಗು!"