ಎಂಜಲಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ?

ಊಟಕ್ಕೆ ಕೂತ ಕಡೆಯೆಲ್ಲ ನನಗೆ ಏನಾದರೊಂದು ಆಗಿಯೇ ತೀರುತ್ತದೆ. ಇದಕ್ಕೆ ಕಾರಣ ನಾನೇ ಎಂದು ನಮ್ಮ ಯಜಮಾನರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಮೈಸೂರಿನ ಕಾನ್ವೆಂಟಿನಲ್ಲಿ ಹನ್ನೊಂದು ವರ್ಷ ಓದಿದವಳು ನಾನು. ಮೊಣಕೈ ಮೇಜಿನ ಮೇಲೆ ಊರಬಾರದು, ಬಾಯಿ ಮುಚ್ಚಿಕೊಂಡು ಅಗಿಯಬೇಕು, ಬಾಯಲ್ಲಿ ತುತ್ತಿಟ್ಟುಕೊಂಡು ಮಾತಾಡಬಾರದು ಎಂದು ಸಿಸ್ಟರುಗಳು ಕಲಿಸಿದರು. ಒಬ್ಬರ ಬಾಯಿ ತಾಗಿದ್ದು ಇನ್ನೊಬ್ಬರ ಬಾಯಿಗೆ ಹೋಗಬಾರದು ಎಂದು ನನ್ನ ತಾಯಿ ಕಲಿಸಿದರು. ಎರಡನ್ನೂ ನಾನು ಇವತ್ತಿನವರೆಗೆ ಬಿಟ್ಟಿಲ್ಲ. ಮಾಂಸ ಮೀನು ನಮ್ಮ ಮನೆಯಲ್ಲಿ ನಿಷಿದ್ಧವಲ್ಲ, ಎಂಜಲು ನಿಷಿದ್ಧ.

ಮಗಳು ಸಿಡ್ನಿಯಲ್ಲಿ ಪಿಆರ್ ಎಂಬ ಕಾಯಂ ವಾಸದ ಪರವಾನಗಿ ಪಡೆದು ರೌಸ್ ಹಿಲ್ ಎಂಬ ಸಬರ್ಬಿನಲ್ಲಿ ಮನೆ ಮಾಡಿದ ವರ್ಷ ನಾವಿಬ್ಬರೂ ಆರು ವಾರ ಅಲ್ಲಿಗೆ ಹೋಗಿದ್ದೆವು. ಆ ಆರು ವಾರ ನಾನು ಆ ದೇಶದಿಂದ ಕೇಳಿದ್ದು ಒಂದೇ: ಪರರ ಬಾಯಿ ತಾಗದ ಒಂದು ತಟ್ಟೆ ಊಟ. ಸಮುದ್ರ ತೋರಿಸಿದರು, ಸೇತುವೆ ತೋರಿಸಿದರು, ಕಾಂಗರೂ ತೋರಿಸಿದರು. ಇದೊಂದನ್ನು ಮಾತ್ರ ಯಾರೂ ಸುಲಭವಾಗಿ ಕೊಡಲಿಲ್ಲ.

ಪ್ಲೇಟ್ ತನ್ನಿ

ನಾವು ಹೋಗಿಳಿದ ಮೊದಲ ವಾರವೇ ಪಕ್ಕದ ಮನೆಯ ಆಸ್ಟ್ರೇಲಿಯನ್ ಹೆಂಗಸು ಬೇಲಿಯ ಮೇಲಿಂದ ಕತ್ತು ಚಾಚಿ, "ಶನಿವಾರ ಮಧ್ಯಾಹ್ನ ನಮ್ಮ ಹಿತ್ತಲಿನಲ್ಲಿ ಊಟ, ಎಲ್ಲರೂ ಸೇರುತ್ತೇವೆ, ನೀವೂ ಬನ್ನಿ. ಬ್ರಿಂಗ್ ಎ ಪ್ಲೇಟ್" ಎಂದರು.

ಊಟಕ್ಕೆ ಕರೆದು ತಟ್ಟೆಯನ್ನೂ ನೀವೇ ತನ್ನಿ ಎನ್ನುವವರನ್ನು ನಾನು ಅದೇ ಮೊದಲು ಕಂಡದ್ದು. ಒಳಗೆ ಬಂದು ಯಜಮಾನರಿಗೆ ಹೇಳಿದೆ: "ಪಾಪ ಕಣ್ರೀ, ಅಷ್ಟು ದೊಡ್ಡ ಮನೆ. ಮಾರ್ಟ್‌ಗೇಜ್ ಸಾಲ ಕಟ್ಟಿ ಕಟ್ಟಿ ತಟ್ಟೆಗೂ ಗತಿಯಿಲ್ಲ ಅಂತ ಕಾಣುತ್ತೆ."

ಒಂದು ಲೆಕ್ಕಕ್ಕೆ ನನಗೆ ಸಂತೋಷವೇ ಆಯಿತು. ನಮ್ಮ ತಟ್ಟೆ ನಮ್ಮದೇ ಆದರೆ ಎಂಜಲಿನ ಮಾತೇ ಬರುವುದಿಲ್ಲ. ಮಗಳು ಶನಿವಾರವೂ ನಾರ್ತ್ ಸಿಡ್ನಿಯ ಆಫೀಸಿಗೆ ಹೋಗಿದ್ದಳು, ಕೇಳುವವರು ಯಾರೂ ಇರಲಿಲ್ಲ. ಊರಿನಿಂದ ತಂದಿದ್ದ ಎರಡು ಸ್ಟೀಲ್ ತಟ್ಟೆಗಳನ್ನು ಬಿಸಿನೀರಿನಲ್ಲಿ ತೊಳೆದು, ಒರೆಸಿ, ಬಿಳಿ ನ್ಯಾಪ್ಕಿನ್ನಿನಲ್ಲಿ ಅಂದವಾಗಿ ಕಟ್ಟಿ ತೆಗೆದುಕೊಂಡು ಹೋದೆ.

ಆಕೆ ಗಂಟನ್ನು ಎರಡೂ ಕೈಯಲ್ಲಿ ಇಸಿದುಕೊಂಡು, "ಓ, ಇಂಡಿಯನ್!" ಎಂದು ಎಲ್ಲರಿಗೂ ಕೇಳುವಂತೆ ಸಂಭ್ರಮಪಟ್ಟು, ಮೇಜಿನ ನಟ್ಟನಡುವೆ ಇಟ್ಟು ಬಿಚ್ಚಿದರು. ಹತ್ತು ಹನ್ನೆರಡು ತಲೆಗಳು ಬಾಗಿದವು. ಖಾಲಿ ತಟ್ಟೆಗಳು ಬಿಸಿಲಿಗೆ ಫಳಫಳ ಹೊಳೆದವು. ಒಬ್ಬರು ಮುದುಕರು ಒಂದರಲ್ಲಿ ಮುಖ ನೋಡಿಕೊಂಡು ಮೀಸೆ ಸರಿಮಾಡಿಕೊಂಡರು.

ಸಂಜೆ ಮಗಳು ಕೇಳಿ ತಲೆ ಚಚ್ಚಿಕೊಂಡಳು. "ಅಮ್ಮಾ! ಬ್ರಿಂಗ್ ಎ ಪ್ಲೇಟ್ ಅಂದರೆ ಇಲ್ಲಿ ಏನಾದರೂ ಅಡಿಗೆ ಮಾಡಿಕೊಂಡು ಬನ್ನಿ ಅಂತ!"

"ಹಾಗಿದ್ದರೆ ಡಿಶ್ ಅನ್ನಬೇಕಿತ್ತು. ಅದು ಸರಿಯಾದ ಇಂಗ್ಲಿಷು," ಎಂದೆ.

ಪೇಪರ್ ಓದುತ್ತಿದ್ದ ಯಜಮಾನರು ತಲೆಯೆತ್ತದೆ ಹೇಳಿದರು: "ಡಿಶ್ ಅಂದಿದ್ದರೆ ಪಾತ್ರೆ ತೊಳೆಯೋಕೆ ಕರೆದಿದ್ದಾರೆ ಅಂತ ನಿಮ್ಮಮ್ಮ ಸೋಪು ಹಿಡಿದುಕೊಂಡು ಹೋಗಿರೋಳು."

ರೈಲಿನಲ್ಲಿ ನೀರು

ನಮ್ಮ ಮದುವೆಯಾಗಿ ಮೂವತ್ತು ವರ್ಷ ತುಂಬುವ ದಿನಕ್ಕೆ ಮಗಳು ನಮ್ಮಿಬ್ಬರನ್ನೇ ಮೆಲ್ಬರ್ನಿಗೆ ಕಳಿಸಿದಳು. ಹಗಲು ರೈಲು, ಬೆಳಗ್ಗೆ ಹತ್ತಿದರೆ ಸಂಜೆಗೆ ಇಳಿಯುವುದು. "ಅಲ್ಲಿ ನಿಮಗೆ ಒಂದು ಸ್ಪೆಷಲ್ ಡಿನ್ನರ್ ಬುಕ್ ಮಾಡಿದ್ದೀನಿ, ಸರ್‌ಪ್ರೈಸ್" ಎಂದು ಇಂಟರ್‌ನೆಟ್ಟಿನಿಂದ ತೆಗೆದ ದಾರಿಯ ನಕ್ಷೆಯನ್ನು ಅಪ್ಪನ ಜೇಬಿಗೆ ತುರುಕಿದಳು.

ಮಧ್ಯಾಹ್ನದ ಹೊತ್ತಿಗೆ ನನಗೆ ಬಾಯಾರಿಕೆ. ನಮ್ಮ ಬಾಟಲಿ ಖಾಲಿ. ಎದುರು ಸೀಟಿನ ಅಜ್ಜಿ ತಮ್ಮದನ್ನು ಕೊಟ್ಟರು. ಅವರು ಆಗತಾನೇ ಅದಕ್ಕೆ ಬಾಯಿ ಹಚ್ಚಿ ಕುಡಿದದ್ದನ್ನು ನಾನು ನೋಡಿದ್ದೆ. ಬೇಡವೆಂದರೆ ಮರ್ಯಾದೆಯಲ್ಲ. ನಮ್ಮ ಕಡೆ ಹೇಗೆ ಕುಡಿಯುತ್ತೇವೋ ಹಾಗೆ, ಬಾಟಲಿಯನ್ನು ಮುಖದ ಮೇಲೆ ಎತ್ತಿ ಹಿಡಿದು ಗಂಟಲಿಗೆ ಬಿಟ್ಟುಕೊಂಡೆ. ಒಂದು ಹನಿ ಚೆಲ್ಲಲಿಲ್ಲ.

ಅಜ್ಜಿ ಕಣ್ಣರಳಿಸಿದರು. "ಮತ್ತೊಮ್ಮೆ ಮಾಡಿ!"

ನಾನೇನು ಸರ್ಕಸ್ಸಿನವಳೇ? ಆದರೂ ದಾಹ ತೀರಿರಲಿಲ್ಲ, ಎತ್ತಿದೆ. ಅದೇ ಗಳಿಗೆಗೆ ರೈಲು ತಿರುವಿನಲ್ಲಿ ವಾಲಿತು. ನೀರು ನನ್ನ ಬಾಯಿ ಬಿಟ್ಟು ಪಕ್ಕದವರ ಪತ್ರಿಕೆಯ ಮೇಲೆ ಬಿತ್ತು. ನಾನು ಕ್ಷಮೆ ಕೇಳುವ ಮೊದಲೇ ಅವರು, "ಇದೇನು ಕಷ್ಟ?" ಎಂದು ತಮ್ಮ ಬಾಟಲಿ ಎತ್ತಿ ಮೂಗಿಗೆ ಬಿಟ್ಟುಕೊಂಡರು. ಆಮೇಲೆ ಅಜ್ಜಿ ಅಂಗಿಯ ಕಾಲರಿನೊಳಗೆ ಬಿಟ್ಟುಕೊಂಡರು. ಆಮೇಲೆ ಹಿಂದಿನ ಸೀಟಿನವರು. ನಾನು ಎಷ್ಟು ಹೇಳಿದೆ, "ತಲೆ ಹಿಂದಕ್ಕೆ, ಗಂಟಲು ತೆರೆದಿರಬೇಕು, ನಗಬಾರದು" ಎಂದು. ಒಬ್ಬರೂ ಕೇಳಲಿಲ್ಲ. ನಕ್ಕರು, ಕೆಮ್ಮಿದರು, ಎಲ್ಲ ಕಡೆ ನೀರು.

ಗಲಾಟೆ ಕೇಳಿ ಕಂಡಕ್ಟರ್ ಬಂದರು. ಒದ್ದೆಯಾದ ನೆಲ ನೋಡಿದರು, ಒದ್ದೆಯಾದ ಎಂಟು ಜನರನ್ನು ನೋಡಿದರು, ಹನಿಯೂ ತಾಗದ ರೇಷ್ಮೆ ಸೀರೆಯಲ್ಲಿ ನೆಟ್ಟಗೆ ಕೂತಿದ್ದ ನನ್ನೊಬ್ಬಳನ್ನು ನೋಡಿದರು. ಆಮೇಲೆ ಛಾವಣಿಯನ್ನು ಬಹಳ ಹೊತ್ತು ನೋಡಿ, ಸೋರುತ್ತದೆ ಎಂದು ಪುಸ್ತಕದಲ್ಲಿ ಬರೆದುಕೊಂಡು ಹೋದರು.

ಬಟಾಣಿ

ಮರುದಿನ ಡಿನ್ನರ್. ಹಸಿವು ಇರಲಿ ಎಂದು ಬೆಳಗ್ಗೆ ಎರಡು ಟೋಸ್ಟ್ ತಿಂದವಳು ಮತ್ತೆ ಏನೂ ಮುಟ್ಟಿರಲಿಲ್ಲ. ಬಿಳಿ ಮೇಜುಬಟ್ಟೆ, ಎರಡು ಕುರ್ಚಿ, ನಡುವೆ ಹೂವು ಎಂದು ಕಲ್ಪಿಸಿಕೊಂಡಿದ್ದೆ. ನಕ್ಷೆ ಹಿಡಿದು ಹೋದರೆ ಸಿಕ್ಕಿದ್ದು ಗೋಡೌನಿನಂಥ ಒಂದು ಹಾಲ್. ಬಾಗಿಲಲ್ಲಿ ಜಮೈಕಾದ ಬಾವುಟ, ಒಳಗೆ ಕಿವಿ ಕಿವುಡಾಗುವ ಸಂಗೀತ, ಹಾಲಿನ ಉದ್ದಕ್ಕೂ ಒಂದೇ ಮೇಜು, ಆಚೀಚೆ ಬೆಂಚು.

"ಇಬ್ಬರಿಗೆ ಟೇಬಲ್," ಎಂದೆ.

"ಇಲ್ಲಿರೋದು ಒಂದೇ ಟೇಬಲ್, ಎಲ್ಲರಿಗೂ ಸೇರಿ. ಅದೇ ನಮ್ಮ ವಿಶೇಷ," ಎಂದಳು ಬಾಗಿಲಲ್ಲಿದ್ದ ಹುಡುಗಿ.

ಬೆಂಚಿನ ಕೊನೆಯಲ್ಲಿ ಜಾಗ ಸಿಕ್ಕಿತು. ನನ್ನ ಪಕ್ಕ ಗಡ್ಡದ ಪ್ಲಂಬರ್, ಎದುರಿಗೆ ಡ್ಯೂಟಿ ಮುಗಿಸಿ ನೇರ ಬಂದಿದ್ದ ಒಬ್ಬ ನರ್ಸ್. ಮಿಕ್ಕವರೂ ಒಬ್ಬರಿಗೊಬ್ಬರು ಅಪರಿಚಿತರೇ. ಅಡಿಗೆ ಮಾಡುವಾಕೆ ಜಮೈಕಾದವರು, ನನ್ನ ವಯಸ್ಸು, ನನಗಿಂತ ಒಂದು ಅಡಿ ಎತ್ತರ. ಏಪ್ರನ್ ಕಟ್ಟಿಕೊಂಡು ಬಂದು ದೊಡ್ಡ ಪರಾತ ಇಟ್ಟು, "ರೈಸ್ ಅಂಡ್ ಪೀಸ್!" ಎಂದು ಘೋಷಿಸಿದರು.

ತೆಂಗಿನಹಾಲಿನಲ್ಲಿ ಬೇಯಿಸಿದ ಅನ್ನ, ಘಮ ಚೆನ್ನಾಗಿಯೇ ಇತ್ತು. ಆದರೆ ಹುಡುಕಿದರೂ ಅದರಲ್ಲಿ ಒಂದು ಬಟಾಣಿ ಇರಲಿಲ್ಲ. ಇದ್ದದ್ದು ರಾಜ್ಮಾ.

ಯಜಮಾನರು ಮೇಜಿನ ಕೆಳಗೆ ನನ್ನ ಕಾಲು ತುಳಿದರು. ನಾನು ಲಕ್ಷಿಸಲಿಲ್ಲ. "ಕ್ಷಮಿಸಿ, ಇದು ಪೀಸ್ ಅಲ್ಲ, ಕಿಡ್ನಿ ಬೀನ್ಸ್. ನಾನು ಓದಿದ್ದು ಕಾನ್ವೆಂಟಿನಲ್ಲಿ."

ಆಕೆ ಸೌಟನ್ನು ಸೊಂಟಕ್ಕೆ ಊರಿಕೊಂಡರು. "ನಾನೂ ಕಾನ್ವೆಂಟಿನಲ್ಲೇ ಓದಿದ್ದು ಡಾರ್ಲಿಂಗ್, ಕಿಂಗ್ಸ್‌ಟನ್ನಿನಲ್ಲಿ. ಅಲ್ಲಿ ಇದಕ್ಕೇ ಪೀಸ್ ಅನ್ನೋದು. ಬೀನ್ಸ್ ಅಂತ ಬರೆದರೆ ಸಿಸ್ಟರ್ ಬೆರಳಿನ ಗಂಟಿನ ಮೇಲೆ ಸ್ಕೇಲಿನಿಂದ ಹೊಡೆಯುತ್ತಿದ್ದರು."

ಮೂವತ್ತು ವರ್ಷದಲ್ಲಿ ಮೊದಲ ಸಲ ನನ್ನನ್ನು ಒಬ್ಬರು ಸುಮ್ಮನಾಗಿಸಿದ್ದನ್ನು ಕಂಡು ನಮ್ಮ ಯಜಮಾನರು ಎದ್ದು ನಿಂತು ಆಕೆಯ ಕೈಕುಲುಕಿದರು.

ಕ್ಯಾರಿಯರ್

ಪರಾತ ಮೇಜಿನ ಆ ಕೊನೆಯಿಂದ ಹೊರಟಿತು. ನಾನಿದ್ದದ್ದು ಈ ಕೊನೆಯಲ್ಲಿ. ಪ್ರತಿಯೊಬ್ಬರೂ ತಮ್ಮ ಫೋರ್ಕನ್ನೇ ಅದರಲ್ಲಿ ಹಾಕುವುದು, ಬಾಯಿಗಿಡುವುದು, "ಮ್ಮ್" ಎನ್ನುವುದು, ಅದೇ ಫೋರ್ಕನ್ನು ಮತ್ತೆ ಹಾಕುವುದು. ನನ್ನ ಹತ್ತಿರ ಬರುವ ಹೊತ್ತಿಗೆ ಹತ್ತು ಬಾಯಿಗಳ ಪ್ರಸಾದವಾಗಿತ್ತು. ಮುಟ್ಟದೆ ಮುಂದಕ್ಕೆ ತಳ್ಳಿದೆ. ಖಾರದ ಕೋಳಿ ಬಂತು, ಅದರ ಗತಿಯೂ ಅದೇ. ಆಡಿನ ಸಾರು ಬಂತು, ಅದನ್ನೂ ತಳ್ಳಿದೆ. ಹೊಟ್ಟೆ ಚುರುಗುಟ್ಟುತ್ತಿತ್ತು. ಪ್ಲಂಬರ್ ಕೋಳಿಯ ಮೂಳೆ ಚೀಪಿ, ಅದೇ ಬೆರಳಿನಲ್ಲಿ ಕರಿದ ಬಾಳೆಹಣ್ಣೊಂದನ್ನು ಎತ್ತಿ, "ಇದು ತಿನ್ನಿ, ಲವ್ಲಿ" ಎಂದು ನನ್ನ ತಟ್ಟೆಗಿಟ್ಟ.

ಎದುರಿನ ನರ್ಸ್ ಗಮನಿಸಿದಳು. "ನೀವು ಏನೂ ತಿನ್ನುತ್ತಿಲ್ಲವಲ್ಲ?"

ಇನ್ನು ಹೇಳಲೇಬೇಕಾಯಿತು. ಎಂಜಲು ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ? ನಾನು ಇಂಗ್ಲಿಷಿನಲ್ಲಿ ಬಹುಮಾನ ಪಡೆದವಳು, ಆದರೂ ಪದ ಹೊಳೆಯಲಿಲ್ಲ. ಲೆಫ್ಟೋವರ್? ಅದು ನಿನ್ನೆಯ ಹುಳಿ. ಪೊಲ್ಯೂಟೆಡ್? ಅದು ನದಿ. ಯೂಸ್ಡ್? ಅದು ಕಾರು. ಡರ್ಟಿ ಎಂದರೆ ಅಡಿಗೆಯವರು ಸೌಟು ಹಿಡಿದು ಬರುತ್ತಾರೆ.

"ವಿಷಯ ಸಲೈವಾದ್ದು," ಎಂದೆ ಕೊನೆಗೆ. "ಒಬ್ಬರದು ಇನ್ನೊಬ್ಬರಿಗೆ ಹೋಗಬಾರದು. ನಾನು ತುಂಬಾ ಎಚ್ಚರಿಕೆಯಿಂದ ಇರುತ್ತೇನೆ."

ನರ್ಸಿನ ಮುಖ ಗಂಭೀರವಾಯಿತು. "ಎಷ್ಟು ದಿನದಿಂದ?"

"ಚಿಕ್ಕಂದಿನಿಂದ."

ಅವಳು ಮೇಜಿನ ಮೇಲೆ ಬಾಗಿ, ಸಂಗೀತದ ನಡುವೆ ಮೆಲ್ಲಗೆ ಕೇಳಿದಳು: "ಕ್ಯಾರಿಯರ್?"

ಎಷ್ಟು ಸೂಕ್ಷ್ಮ ಬುದ್ಧಿಯ ಹುಡುಗಿ, ಊಟದ ಕ್ಯಾರಿಯರ್ ತಂದಿದ್ದೀರಾ ಎಂದು ಕೇಳುತ್ತಿದ್ದಾಳೆ ಎಂದು ನನಗೆ ಹೃದಯ ತುಂಬಿ ಬಂತು. "ಹೌದಮ್ಮ. ನಮ್ಮ ಮನೆಯಲ್ಲಿ ಎಲ್ಲರಿಗೂ ಕ್ಯಾರಿಯರ್. ನನ್ನದು ನನ್ನ ತಾಯಿಯಿಂದ ಬಂದದ್ದು. ಸಿಡ್ನಿಯಲ್ಲಿ ಈಗ ಮಗಳಿಗೆ ಕೊಟ್ಟಿದ್ದೇನೆ. ಅವಳು ದಿನಾ ಆಫೀಸಿಗೆ ತೆಗೆದುಕೊಂಡು ಹೋಗುತ್ತಾಳೆ."

ನರ್ಸ್ ಒಂದು ಕ್ಷಣ ಕಣ್ಣು ಮುಚ್ಚಿಕೊಂಡಳು. ಆಮೇಲೆ ಎದ್ದು ಅಡಿಗೆಮನೆಗೆ ಹೋದಳು. ಹೋಗುವಾಗ ನಾಲ್ಕಾರು ಜನರ ಕಿವಿಯಲ್ಲಿ ಏನೋ ಹೇಳಿದಳು. ಬೆಂಚಿನವರೆಲ್ಲ ಒಂದೊಂದು ಗೇಣು ಆಚೆ ಸರಿದರು. ಅವಳು ತಿರುಗಿ ಬಂದಾಗ ಕೈಯಲ್ಲಿ ನನಗೊಬ್ಬಳಿಗೇ ಒಂದು ತಟ್ಟೆ! ಪಾತ್ರೆಯಿಂದ ನೇರ ಬಡಿಸಿದ ಬಿಸಿ ಅನ್ನ, ಕೋಳಿ, ಆಡಿನ ಸಾರು, ಬೇರೆ ಚಮಚ, ಬೇರೆ ಲೋಟ.

"ನೋಡಿದಿರಾ?" ಎಂದೆ ಯಜಮಾನರಿಗೆ. "ಸರಿಯಾದ ಇಂಗ್ಲಿಷಿನಲ್ಲಿ ಹೇಳಿದರೆ ಯಾರಿಗಾದರೂ ಅರ್ಥವಾಗುತ್ತೆ."

ಪ್ಲಂಬರ್ ನಮ್ಮ ಯಜಮಾನರ ಭುಜ ತಟ್ಟಿ, "ಮೇಟ್, ನೀವು ಧೈರ್ಯವಂತರು" ಎಂದ.

"ಮೂವತ್ತು ವರ್ಷ," ಎಂದರು ಯಜಮಾನರು ನಿಟ್ಟುಸಿರಿಟ್ಟು.

ಒಂದು ಚಮಚ ಸೂಪು

ಬೆಳಗ್ಗಿನ ಟೋಸ್ಟಿನ ನಂತರದ ಮೊದಲ ತುತ್ತು. ಚಮಚ ತುಂಬಿಕೊಂಡು ಎತ್ತಿದ್ದೆ, ಅಷ್ಟರಲ್ಲಿ ಒಂದು ದೊಡ್ಡ ಕೈ ಬಂದು ತಟ್ಟೆಯನ್ನೇ ಎತ್ತಿಕೊಂಡಿತು. ಅಡಿಗೆಯಾಕೆ.

"ಹುಷಾರಿಲ್ಲದವರಿಗೆ ಯಾರು ಈ ಖಾರ ಕೊಟ್ಟದ್ದು?" ಎಂದು ನರ್ಸನ್ನು ಗದರಿಸಿ, ನನ್ನ ತಟ್ಟೆಯನ್ನು ಪ್ಲಂಬರನ ಮುಂದಿಟ್ಟರು. ಅವನು ತಕ್ಷಣ ತಿನ್ನಲು ಶುರುಮಾಡಿದ.

"ಯಾರಿಗ್ರೀ ಹುಷಾರಿಲ್ಲ?" ಎಂದೆ ಕನ್ನಡದಲ್ಲಿ.

"ನಿನಗೇ ಕಣೇ," ಎಂದರು ಯಜಮಾನರು. "ರೋಗ ಇಟ್ಟುಕೊಂಡು ಊರಿಗೆಲ್ಲ ಹಂಚುವವರನ್ನೂ ಇಂಗ್ಲಿಷಿನಲ್ಲಿ ಕ್ಯಾರಿಯರ್ ಅಂತಾರೆ. ನೀನು, ನಿಮ್ಮಮ್ಮ, ಮಗಳು, ಮೂರು ತಲೆಮಾರನ್ನೂ ಒಪ್ಪಿಕೊಂಡೆ."

"ಆಗಲೇ ಹೇಳಬಾರದಿತ್ತಾ?"

"ಬೇರೆ ತಟ್ಟೆ ಸಿಕ್ಕಿತಲ್ಲ, ಇವತ್ತೊಂದು ದಿನ ನೆಮ್ಮದಿಯಾಗಿ ತಿನ್ನಲಿ ಅಂತ ಸುಮ್ಮನಿದ್ದೆ."

ಅಷ್ಟರಲ್ಲಿ ಆಕೆ ಒಂದು ಬಟ್ಟಲು ಸೂಪು ತಂದು ನನ್ನ ಪಕ್ಕದಲ್ಲೇ ಕೂತರು. ಕೋಳಿ, ಸಿಹಿಗುಂಬಳ, ಗೆಣಸು. "ನಮ್ಮಲ್ಲಿ ಹುಷಾರಿಲ್ಲದವರಿಗೆ ಇದನ್ನೇ ಕೊಡೋದು," ಎಂದರು. ಒಂದು ಚಮಚ ತೆಗೆದುಕೊಂಡರು. ಉಫ್ ಎಂದು ಊದಿದರು. ಬಿಸಿ ಹೆಚ್ಚಿದೆಯೇ ನೋಡಲು ಚಮಚವನ್ನು ತಮ್ಮ ಬಾಯಲ್ಲಿಟ್ಟು ಅರ್ಧ ಕುಡಿದರು. ಉಳಿದ ಅರ್ಧವನ್ನು ನನ್ನ ಕಡೆ ಚಾಚಿದರು.

ನನಗೇನೂ ಆಗಿಲ್ಲ ಎಂದು ಹೇಳಲು ನಾನು ಬಾಯಿ ತೆರೆದೆ. ಚಮಚ ಒಳಗೆ ಹೋಯಿತು.

ಉಗುಳುವ ಹಾಗಿಲ್ಲ, ಊಟದ ಮೇಜು. ಮಾತಾಡುವ ಹಾಗಿಲ್ಲ, ಬಾಯಿ ತುಂಬಿದೆ. ನುಂಗಿದೆ. ಮತ್ತೆ ಹೇಳಲೆಂದು ಬಾಯಿ ತೆರೆದೆ. ಅವರು ಮತ್ತೆ ಊದಿ, ಮತ್ತೆ ರುಚಿ ನೋಡಿ, ಮತ್ತೆ ಇಟ್ಟರು. ಮೂರನೆಯ ಸಲ ನಾನು ಬಾಯಿ ತೆರೆದದ್ದು ಮಾತಾಡುವುದಕ್ಕಲ್ಲ ಎಂದು ಯಜಮಾನರು ಇವತ್ತಿಗೂ ಹೇಳುತ್ತಾರೆ. ಅದರ ಬಗ್ಗೆ ನಾನು ಏನೂ ಹೇಳುವುದಿಲ್ಲ. ಬಟ್ಟಲು ಖಾಲಿಯಾಯಿತು. ಇನ್ನೊಂದು ಬಟ್ಟಲೂ ಬಂತು.

ಆಕೆ ನನ್ನ ಗಲ್ಲ ತಟ್ಟಿ ಒಳಗೆ ಹೋದ ಮೇಲೆ ಯಜಮಾನರು ನನ್ನ ಕಡೆ ತಿರುಗಿದರು. ಇಡೀ ಪ್ರವಾಸದಲ್ಲಿ ಮೊದಲ ಸಲ ಅವರ ಮುಖದಲ್ಲಿ ನಗು ಇರಲಿಲ್ಲ.

"ಮದುವೆಯ ದಿನ, ಶಾಸ್ತ್ರಕ್ಕೆ ನನ್ನ ಎಲೆಯಲ್ಲಿ ಒಂದು ತುತ್ತು ತಿನ್ನು ಅಂದರೆ, ಮುನ್ನೂರು ಜನರ ಮುಂದೆ ಬೇರೆ ಎಲೆ ಕೇಳಿದೋಳು ನೀನು. ಗಂಡನ ಎಂಜಲು ಆಗಲ್ಲ. ಮುಖ ಪರಿಚಯ ಇಲ್ಲದ ಜಮೈಕಾದವಳದು ಎರಡು ಬಟ್ಟಲು ಆಗುತ್ತಾ?"

ನಾನು ನ್ಯಾಪ್ಕಿನ್ನಿನಿಂದ ತುಟಿ ಒತ್ತಿಕೊಂಡು, ಅದನ್ನು ಮಡಿಸಿ ಇಟ್ಟು, ಸಮಾಧಾನವಾಗಿಯೇ ಹೇಳಿದೆ:

"ಅವರು ಅಡಿಗೆ ಮಾಡಿದವರು ಕಣ್ರೀ. ನೀವು ಬರೀ ತಿಂದವರು."