ಕ್ಯಾಂಟೀನಿನ ಬಾಗಿಲಿಗೆ ಎಷ್ಟು ಬಿಸಿ ಬೇಕು?

ಜಗಳವನ್ನು ನಾನು ಹುಡುಕಿಕೊಂಡು ಹೋಗುವುದಿಲ್ಲ. ಅದು ತಾನಾಗಿಯೇ ಲಿಂಗಂಪಲ್ಲಿ ಸ್ಟೇಷನ್ನಿನಲ್ಲಿ ಇಳಿದು, ವಿಳಾಸ ಕೇಳಿಕೊಂಡು ನನ್ನ ಹತ್ತಿರ ಬರುತ್ತದೆ.

೧. ಒಬ್ಬ ಹೊರಗೆ, ಒಬ್ಬ ಒಳಗೆ

ನಮ್ಮ ಸಂಶೋಧನಾ ಸಂಸ್ಥೆಯ ಕ್ಯಾಂಟೀನಿನಲ್ಲಿ ಗುತ್ತಿಗೆ ಕೆಲಸಗಾರರಿಗೆ ಒಂದೇ ಕುರ್ಚಿ, ಉಳಿದವೆಲ್ಲ ಕಾಯಂ ನೌಕರರಿಗೆ. ಒಬ್ಬ ಎದ್ದ ಮೇಲಷ್ಟೇ ಬಾಗಿಲ ಕಾವಲುಗಾರ ಇನ್ನೊಬ್ಬನನ್ನು ಒಳಗೆ ಬಿಡುತ್ತಿದ್ದ. ಸಾಲಿನ ಕೊನೆಯವನಿಗೆ ಅನ್ನ ಸಿಗುವ ಮೊದಲೇ ಊಟದ ಹೊತ್ತು ಮುಗಿದಿರುತ್ತಿತ್ತು.

ನಾನು ಪ್ರಯೋಗಾಲಯಕ್ಕೆ ದ್ರವ ಹೀಲಿಯಂ ಹೊರುವವನು. ಅದರ ಕೊರೆಯುವ ಚಳಿಯಲ್ಲಿ ಧಾರವಾಡದ ಮೇಡಂ ಒಬ್ಬರು, ಕೂದಲಿಗಿಂತ ಸಾವಿರಾರು ಪಟ್ಟು ತೆಳುವಾದ ಇಂಗಾಲದ ನಳಿಗೆಯಲ್ಲಿ ವಿದ್ಯುತ್ ಹರಿಸುತ್ತಿದ್ದರು.

"ನಳಿಗ್ಯಾಗ ಒಂದು ಸಣ್ಣ ಖೋಲಿ ಐತ್ರಿ. ಒಂದು ಎಲೆಕ್ಟ್ರಾನ್ ಒಳಗ ಕುಂತ್ರ ಇನ್ನೊಂದನ್ನ ದೂಡತೈತಿ. ಅದು ಎದ್ದು ಹೋಗೂತನಕ ಇದು ಹೊರಗ," ಎಂದು ಮೇಡಂ ವಿವರಿಸಿದರು.

"ಇದನ್ನ ನೋಡಾಕ ಇಷ್ಟು ಹೀಲಿಯಂ ಯಾಕ್ರಿ? ಮಧ್ಯಾಹ್ನ ಕ್ಯಾಂಟೀನಿಗೆ ಬರ್ರಿ," ಅಂದೆ.

೨. ನುಗ್ಗಿದ ಮೇಲೆ

"ಮತ್ತ ಅವು ಒಳಗ ಹೋಗೂದು ಹೆಂಗ್ರಿ?" ಎಂದು ಕೇಳಿದೆ.

"ಬಿಸಿ ಏರಿಸಿದ್ರ ತಡೆ ಹಾರಿ ನುಗ್ಗತಾವು."

ಬಿಸಿ ಮುಟ್ಟಿಸದೆ ಯಾವ ಬಾಗಿಲೂ ತೆರೆಯದು ಎಂದು ನಾನು ಕೆಲಸಗಾರರ ಸಂಘದಲ್ಲಿ ವರ್ಷಗಟ್ಟಲೆ ಗಂಟಲು ಹರಿದುಕೊಂಡಿದ್ದೇನೆ. ಶಾಲೆ ಬಿಟ್ಟು ಕರಪತ್ರ ಓದಿ ಬೆಳೆದವನ ಪಕ್ಷಕ್ಕೆ ಕೊನೆಗೂ ವಿಜ್ಞಾನ ಸೇರಿತ್ತು! ಸಂಜೆ ಸಂಘದ ಸಭೆಯಲ್ಲಿ ಎಲೆಕ್ಟ್ರಾನುಗಳ ಹೋರಾಟದ ಬಗ್ಗೆ ಆವೇಶದಿಂದ ಭಾಷಣ ಮಾಡಿದೆ. ಯಾದಗಿರಿ ಕಡೆಯ ಗಾರೆಯವನೊಬ್ಬ ಕೈ ಎತ್ತಿದ.

"ಎಲ್ಲಾ ಖರೆ ಅಣ್ಣಾ. ನುಗ್ಗಿದ ಮ್ಯಾಲ ಅವಕ್ಕ ಪಲ್ಯ ಏನು ಮಾಡಿರತಾರ?"

೩. ಪರಿಣಾಮ

ಮರುದಿನ ಕೆಲಸ ನಿಲ್ಲಿಸಿ, ತೆಲುಗು ಸೀಮೆಯ ತಮಟೆಯಾದ ಡಪ್ಪು ಬಡಿಯುತ್ತಾ ಕ್ಯಾಂಟೀನಿನ ಮುಂದೆ ಕೂತೆವು. ಆಡಳಿತಾಧಿಕಾರಿ ಬಂದು, "ಕುಛ್ ನಹೀ ಹೋತಾ. ನಿಮ್ಮ ಬಡಿತದಿಂದ ಇಲ್ಲಿ ಯಾವ ಪರಿಣಾಮವೂ ಆಗದು," ಎಂದು ನಕ್ಕರು.

ಅಷ್ಟರಲ್ಲಿ ಮೇಡಂ ಗ್ರಾಫ್ ಹಿಡಿದು ಓಡಿ ಬಂದರು. "ನಿಲ್ಲಸ್ರಿ ಮಾರಾಯ್ರ! ನೆಲ ನಡಗಾಕತ್ತೈತಿ. ನಿಮ್ಮ ಒಂದೊಂದು ಏಟೂ ನನ್ನ ಗ್ರಾಫಿನ್ಯಾಗ ಮೂಡೈತಿ!"

ನಾನು ಆ ಗ್ರಾಫನ್ನು ಅಧಿಕಾರಿಯ ಮುಂದೆ ಹಿಡಿದೆ. "ಪರಿಣಾಮ, ಸಾಹೇಬ್ರ. ಸಾಲಾಗಿ ನಿಂತೈತಿ ನೋಡ್ರಿ."

ಹೀಲಿಯಂ ಹೊರುವವನೂ ಇಲ್ಲೇ ಕೂತಿದ್ದಾನೆ, ಅದು ಆವಿಯಾಗಿ ತೀರಿದರೆ ಪ್ರಯೋಗವೇ ಹಾಳು ಎಂದು ಮೇಡಂ ಅಧಿಕಾರಿಯ ಮೇಲೆಯೇ ಹರಿಹಾಯ್ದರು. ಅಧಿಕಾರಿ ಮಣಿದರು; ಮಧ್ಯಾಹ್ನದೊಳಗೆ ಎಲ್ಲ ಕುರ್ಚಿಗಳೂ ಎಲ್ಲರವಾದವು.

ಅವತ್ತು ನಾವೆಲ್ಲ ಒಟ್ಟಿಗೆ ಕೂತು ಬಿಸಿ ಅನ್ನ ಉಂಡೆವು. ಅಂಥ ಹುಳಿಸಾರು ನಾನು ಬೇರೆಲ್ಲೂ ಉಂಡಿಲ್ಲ. ಕಡೆಗೆ, ಹಸಿದು ಬಂದ ಮೇಡಂ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತರು. ಒಂದು ಕುರ್ಚಿಯೂ ಖಾಲಿ ಇಲ್ಲ. ಕಾವಲುಗಾರ ಹಳೇ ರೂಢಿಯಂತೆ ಕೈ ಅಡ್ಡ ಹಿಡಿದ:

"ಒಬ್ಬರು ಎದ್ದ ಮ್ಯಾಲ ಒಬ್ಬರ್ರಿ, ಮೇಡಂ."

ಮೇಡಂ ನನ್ನ ಕಡೆ ತಿರುಗಿದರು.

"ಆ ಡಪ್ಪು ಎಲ್ಲೈತ್ರಿ?"