ಬೀಗರ ಪಂಕ್ತಿಯಲ್ಲಿ ಅಮರಪ್ಪನ ಹೊಸ ಹಲ್ಲು

"ತಳಕಲ್ಲಿನ ಬೀಗರ ಮನ್ಯಾಗ ಖಡಕ್ ರೊಟ್ಟಿ ಹೆಂಗ ಕಡೀತೀನಿ ನೋಡ್ತಿರು. ಸಪ್ಪಳ ಓಣಿತನಕಾ ಕೇಳಬೇಕು" ಎಂದು ಕುಷ್ಟಗಿಯ ಅಮರಪ್ಪ ಹೆಂಡತಿಯ ಮುಂದೆ ಶಪಥ ಮಾಡಿದ. ಸಾಮಾನ್ಯ ಶಪಥವಲ್ಲ, ಕನ್ನಡಿಯ ಮುಂದೆ ಎರಡೂ ಸಾಲು ಹಲ್ಲು ಕಿರಿದು ಮಾಡಿದ್ದು! ಆ ಹಲ್ಲು ಹೈದರಾಬಾದಿನಲ್ಲಿ ಮೊನ್ನೆ ಮೊನ್ನೆ ಕಟ್ಟಿಸಿಕೊಂಡು ಬಂದದ್ದು.

"ಡಾಕ್ಟರ ಏನ ಹೇಳ್ಯಾರ? ಮೊದಲ ಗಂಜಿ, ಆಮ್ಯಾಲೆ ಮೆತ್ತನ್ನ ಅನ್ನ. ಸಣ್ಣ ತುತ್ತು, ಎರಡೂ ಕಡೆ ಅಗೀಬೇಕು, ನಡುನಡುವೆ ಒಂದೊಂದು ಗುಟುಕು ನೀರು. ಮನ್ಯಾಗ ಹಾಕ್ಕೊಂಡು ರೂಢಿ ಮಾಡ್ಕೊಳ್ರಿ" ಎಂದಳು ಶಂಕ್ರಮ್ಮ.

"ಗಂಜಿ ಕುಡಿಯಾಕ ಹಲ್ಲು ಯಾಕ ಬೇಕು? ಬರೇ ಬಾಯಿ ಸಾಕಾಗಿತ್ತಲ್ಲ."

ಹೀಗೆಂದವನೇ ಹಲ್ಲನ್ನು ಜರತಾರಿ ರುಮಾಲಿನ ಜೊತೆ ಟ್ರಂಕಿನಲ್ಲಿಟ್ಟ. ಬೀಗರಿಗೆ ಬೊಚ್ಚುಬಾಯಿ ಕಾಣಬಾರದು, ಅಷ್ಟೇ ಅವನ ಚಿಂತೆ. ಮಗ ಎಷ್ಟೋ ಹೆಣ್ಣು ಬೇಡವೆಂದು ಕೊನೆಗೆ ಇದೊಂದಕ್ಕೆ ಹೂಂ ಅಂದಿದ್ದ. ಸಂಬಂಧ ತಪ್ಪಬಾರದು.

ನಿಶ್ಚಯದ ಊಟಕ್ಕೆ ಅಮರಪ್ಪನೇ ಪಂಕ್ತಿಯ ಹಿರಿಯ. ಹೆಣ್ಣಿನ ತಂದೆ ಗವಿಸಿದ್ದಪ್ಪನ ಮನೆಯಲ್ಲಿ ಎರಡು ಕಟ್ಟಳೆ. ಹಿರಿಯ ಏಳುವ ತನಕ ಯಾರೂ ಏಳಬಾರದು. ಕೂತವರ ಎಲೆ ಬರಿದಾಗಿ ಕಾಣಬಾರದು. ಬಿಡಿಬಿಡಿಯಾಗಿ ನೋಡಿದರೆ ಎರಡೂ ಒಳ್ಳೆಯ ಕಟ್ಟಳೆಗಳೇ.

ಅಮರಪ್ಪ ರೊಟ್ಟಿ ಕಡಿದ. ಸಪ್ಪಳವೇನೋ ಬಂತು. ತುತ್ತು ಬಾಯಿಯೊಳಗೆ ಹೋಯಿತು, ಅಲ್ಲಿಂದ ಮುಂದಕ್ಕೆ ಹೋಗಲಿಲ್ಲ. ಮೇಲಿನ ಸಾಲಿನ ಹಲ್ಲಿನ ಪಟ್ಟಿ ಅಂಗುಳವನ್ನು ಪೂರಾ ಮುಚ್ಚಿತ್ತು. ರೊಟ್ಟಿ ನುರಿದಿದೆಯೋ ಇಲ್ಲವೋ ನಾಲಿಗೆಗೆ ತಿಳಿಯದು. ಬಲಗಡೆ ಅಗಿದರೆ ಎಡಗಡೆ ಏಳುತ್ತಿತ್ತು, ಎಡಗಡೆ ಅಗಿದರೆ ಬಲಗಡೆ. ನೀರು ಕುಡಿದು ನುಂಗೋಣವೆಂದರೆ, ರೊಟ್ಟಿಯ ಜೊತೆ ಹಲ್ಲೂ ಹೊಟ್ಟೆಗಿಳಿದರೆ? ಉಗುಳೋಣವೆಂದರೆ ಬೀಗರ ಮನೆಯ ಅನ್ನ. ಅಮರಪ್ಪ ಅಗಿದ. ಅಗಿದೇ ಅಗಿದ.

ಮಂದಿಯ ಊಟ ಮುಗಿಯಿತು. ಹಿರಿಯ ಏಳಲಿಲ್ಲ, ಅವರೂ ಏಳಲಿಲ್ಲ. ಎಲೆ ಬರಿದಾಗಿ ಕಂಡಿತು, ಬಡಿಸಿದರು. ಬಡಿಸಿದ್ದನ್ನು ಬಿಡಬಾರದೆಂದು ಉಂಡರು. ಮತ್ತೆ ಬರಿದಾಯಿತು, ಮತ್ತೆ ಬಡಿಸಿದರು. ಅಮರಪ್ಪನ ತಮ್ಮ ಧೋತರದ ಗಂಟು ಸಡಿಲಿಸಿಕೊಂಡು ಗೋಡೆಗೆ ಒರಗಿದ. ಹೋಳಿಗೆ ಮುಗಿಯಿತು, ಅನ್ನದ ಪಾತ್ರೆಯ ತಳ ಕಂಡಿತು, ನೆರೆಮನೆಯಿಂದ ತಂದ ರೊಟ್ಟಿಯೂ ತೀರಿತು.

ಗವಿಸಿದ್ದಪ್ಪ ಬೆವರುತ್ತ ಬಂದು ಕೈಮುಗಿದ. "ಬೀಗರ, ನಮ್ಮಿಂದ ಏನ ತಪ್ಪಾಗೈತಿ? ಒಳಗ ಬಡಸಾಕ ಇನ್ನ ಉಪ್ಪೊಂದ ಉಳದೈತಿ. ಹೆಣ್ಣು ಬ್ಯಾಡಾದ್ರ ಬಾಯಿಬಿಟ್ಟು ಹೇಳ್ರಿ, ಹಿಂಗ ಪರೀಕ್ಷಾ ಮಾಡಬ್ಯಾಡ್ರಿ."

ಬಾಯಿ ಬಿಡುವುದೊಂದೇ ಅಮರಪ್ಪನಿಂದ ಆಗದ ಕೆಲಸ! ಹಾಗಲ್ಲವೆಂದು ತಲೆಯಾಡಿಸಿದ. ಹೆಣ್ಣು ಬೇಡವಂತೆ ಎಂದುಕೊಂಡ ಗವಿಸಿದ್ದಪ್ಪ ಅಲ್ಲೇ ಕುಸಿದು ಕೂತ. ಅಡಿಗೆಮನೆಯಲ್ಲಿ ಹೆಣ್ಣಿನ ತಾಯಿ ಬಿಕ್ಕಿದ್ದು ಕೇಳಿಸಿತು.

ಅಮರಪ್ಪ ಮಗನ ಕಡೆ ನೋಡಿದ. ಹುಡುಗನ ಮುಖ ಬಿಳಿಚಿಹೋಗಿತ್ತು. ಮಾನ ಹೋದರೆ ಹೋಗಲಿ, ಮದುವೆ ಹೋಗಬಾರದು. ಬಾಯಿಗೆ ಕೈ ಹಾಕಿ ಮೇಲಿನ ಸಾಲು, ಕೆಳಗಿನ ಸಾಲು, ನಡುವಿನ ರೊಟ್ಟಿ, ಮೂರನ್ನೂ ತೆಗೆದು ಪತ್ರಾವಳಿಯ ಮೇಲಿಟ್ಟ.

"ಹೆಣ್ಣು ನಮಗ ಒಪ್ಪಿಗಿ ಐತ್ರಿ" ಎಂದ, ಬೊಚ್ಚುಬಾಯಲ್ಲಿ. "ಒಪ್ಪದ ಕುಂತಿದ್ದು ಈ ರೊಟ್ಟಿ."

ಹೇಳಿ ಎದ್ದ. ಇಡೀ ಪಂಕ್ತಿ ಎದ್ದಿತು. ಅಮರಪ್ಪನ ತಮ್ಮನನ್ನು ಮಾತ್ರ ಇಬ್ಬರು ಹಿಡಿದು ಎಬ್ಬಿಸಬೇಕಾಯಿತು.

ಅಲ್ಲಿಂದ ಮದುವೆಯ ತನಕ ಅಮರಪ್ಪ ಶಂಕ್ರಮ್ಮನ ಶಿಷ್ಯ. ಗಂಜಿಯಿಂದ ಓಂನಾಮ ಹಾಕಿ, ಅನ್ನಕ್ಕೆ ಬಂದು, ಮೆತ್ತನ್ನ ರೊಟ್ಟಿಗೆ ಏರಿದ. ಸಣ್ಣ ತುತ್ತು, ಎರಡೂ ಕಡೆ, ನಡುವೆ ನೀರು. ಹಲ್ಲು ಕೂತಲ್ಲೇ ಕೂತವು. ಕೊನೆಗೆ ಖಡಕ್ ರೊಟ್ಟಿಯನ್ನೇ ಅಗಿದು ನುಂಗಿ, "ಈಗ ಬರಲಿ ತಳಕಲ್ಲಿನ ಪಂಕ್ತಿ" ಎಂದು ಮೀಸೆ ತಿರುವಿದ.

ಮದುವೆಯ ದಿನ ಬೆಳಗಾಗಿತ್ತಷ್ಟೆ. ಹಂದರಕ್ಕೆ ಇನ್ನೂ ತೋರಣ ಕಟ್ಟುತ್ತಿದ್ದರು, ವಾಲಗದವರು ಬಂದಿರಲಿಲ್ಲ. ಗವಿಸಿದ್ದಪ್ಪ ಬೀಗರ ಕೈಹಿಡಿದು ಕರೆದೊಯ್ದು ಒಂಟಿ ಎಲೆಯ ಮುಂದೆ ಕೂಡಿಸಿದ.

"ಇದೇನ್ರಿ, ಇಷ್ಟ ಜಲ್ದಿ?"

"ನೀವು ಶುರು ಹಚ್ಕೊಳ್ರಿ ಬೀಗರ. ಮಧ್ಯಾಹ್ನದ ಪಂಕ್ತಿ ಏಳೂದ್ರಾಗ ನೀವೂ ಏಳ್ತೀರಿ."

ಅಮರಪ್ಪ ದಿಕ್ಕುಗಾಣದೆ ಹೆಂಡತಿಯ ಕಡೆ ನೋಡಿದ. ಶಂಕ್ರಮ್ಮ ನೀರಿನ ತಂಬಿಗೆಯನ್ನು ಎಲೆಯ ಪಕ್ಕಕ್ಕಿಟ್ಟಳು.

"ಅವಸರ ಮಾಡಬ್ಯಾಡ್ರಿ. ಮದಿಮಕ್ಕಳ ಮ್ಯಾಲ ಅಕ್ಕಿಕಾಳು ಬೀಳಾಕ ಇನ್ನೂ ಭಾಳ ಹೊತ್ತೈತಿ."